ತೊಂಬತ್ತಾರರ ಕೈ, ಅರವತ್ತನಾಲ್ಕರ ಹಾಡು

ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ಸೇತುವೆಯ ಮೇಲೆ ಎಂಟು ಮಂದಿ ಕೆಂಪು ಕೊಡೆ ಹಿಡಿದು ಕುಣಿಯುತ್ತಿದ್ದಾರೆ. ಹಾಡಿಲ್ಲ.

ಇರುವುದು ಟಕ್ ಟಕ್ ಎಂಬ ಮರದ ಸದ್ದು ಮಾತ್ರ. ಕ್ಯಾಮೆರಾದ ಹಿಂದೆ, ಕಿವಿ ಮುಚ್ಚುವಂತೆ ಉಣ್ಣೆಯ ಟೋಪಿ ಎಳೆದುಕೊಂಡ ಐವತ್ತಮೂರರ ಹೆಂಗಸೊಬ್ಬರು ಎರಡು ಮರದ ತುಂಡುಗಳನ್ನು ಒಂದಕ್ಕೊಂದು ಬಡಿಯುತ್ತಿದ್ದಾರೆ. ನಿಮಿಷಕ್ಕೆ ತೊಂಬತ್ತಾರು ಪೆಟ್ಟು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ತಂಡದವರಿಗೆಲ್ಲ ಅವರು ಗಡಿಯಾರದಕ್ಕ.

ಇವರ ಕಂಪನಿ ಹಾಡಿನ ವಿಡಿಯೊಗಳನ್ನು ಸಗಟಾಗಿ ತಯಾರಿಸುತ್ತದೆ. ಮೊದಲು ಕುಣಿತ, ಆಮೇಲೆ ಹಾಡು. ದಿನಕ್ಕೆ ಏಳು ವಿಡಿಯೊ ಚಿತ್ರಿಸಿಟ್ಟುಕೊಂಡು, ಹಾಡು ಬಂದಂತೆಲ್ಲ ಒಂದೊಂದಕ್ಕೆ ಒಂದೊಂದನ್ನು ಹೊದಿಸುತ್ತಾರೆ. ಯಾವ ಹಾಡಿಗೂ ಒಗ್ಗಲೆಂದು ಕುಣಿಯುವವರು ತುಟಿ ಅಲ್ಲಾಡಿಸುವಂತಿಲ್ಲ. ವಿರಹದ ಹಾಡಿಗೆ ಕಾರು ನಿಲ್ದಾಣದ ಕುಣಿತ ಅಂಟಿಕೊಂಡದ್ದುಂಟು, ಮಗು ಮಲಗಿಸುವ ಹಾಡಿಗೆ ಮೋಟಾರು ಬೈಕು ಬಂದದ್ದೂ ಉಂಟು. ಹಾಡಿನ ವೇಗ ಬೇರೆಯಿದ್ದರೆ ಅದನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ತೊಂಬತ್ತಾರಕ್ಕೆ ತರುತ್ತಾರೆ.

"ಚಪ್ಪಲಿಗೆ ತಕ್ಕ ಹಾಗೆ ಕಾಲು ಕೊಯ್ಯೋ ಕೆಲಸ," ಎನ್ನುತ್ತಾರೆ ಗಡಿಯಾರದಕ್ಕ, ನಗುತ್ತಲೇ. "ಆದ್ರೆ ನಾನು ಯಾರನ್ನ ಬೈಲಿ? ಆ ಚಪ್ಪಲಿ ಹೊಲಿಯೋಳೇ ನಾನು."

ಇಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ಅವರು ಒಂದು ಮುದ್ರಣಾಲಯದಲ್ಲಿದ್ದರು. ಬಾಯಿ ತೆರೆದು ಮುಚ್ಚುವ ಅಚ್ಚಿನ ಯಂತ್ರಕ್ಕೆ ಕೈಯಿಂದ ಹಾಳೆ ಕೊಡುವ ಕೆಲಸ. ಬಾಯಿ ತೆರೆದಾಗ ಒಂದು, ಹಾಳೆ ಇಟ್ಟಾಗ ಎರಡು, ಕೈ ತೆಗೆದಾಗ ಮೂರು, ಬಾಯಿ ಮುಚ್ಚಿದಾಗ ನಾಲ್ಕು. ನಿಮಿಷಕ್ಕೆ ಇಪ್ಪತ್ತನಾಲ್ಕು ಹಾಳೆ, ಅಂದರೆ ತೊಂಬತ್ತಾರು ಎಣಿಕೆ. "ಮೂರು ಅನ್ನೋದನ್ನ ಮರೆತ್ರೆ ಬೆರಳು ಹೋಗ್ತಿತ್ತು. ನೋಡಿ, ಹತ್ತೂ ಇವೆ." ಮುದ್ರಣಾಲಯ ಮುಚ್ಚಿದ ದಿನ, ಅಚ್ಚಿನ ಚೌಕಟ್ಟಿನ ಖಾಲಿ ಜಾಗ ತುಂಬುತ್ತಿದ್ದ ಎರಡು ಮರದ ತುಂಡುಗಳನ್ನು ಕೇಳಿ ತಂದರು. ಈಗ ಬಡಿಯುತ್ತಿರುವುದು ಅವನ್ನೇ.

ವಿಡಿಯೊ ತಂಡಕ್ಕೆ ಸೇರಿದ್ದು ಬಟ್ಟೆಗೆ ಇಸ್ತ್ರಿ ಹಾಕಲು. ಒಂಬತ್ತು ವರ್ಷದ ಹಿಂದೆ ಒಂದು ದಿನ, ತಾಳಕ್ಕಾಗಿ ಬೀಪ್ ಸದ್ದು ಮಾಡುತ್ತಿದ್ದ ಸ್ಪೀಕರಿನ ಬ್ಯಾಟರಿ ನಡುವೆ ಸತ್ತಿತು. ಇಸ್ತ್ರಿ ಮೇಜಿನ ಹತ್ತಿರ ನಿಂತಿದ್ದ ಇವರು ಮರದ ತುಂಡು ತೆಗೆದು ಬಡಿದರು. ಗಾಳಿಯಲ್ಲಿ ಬೀಪ್‌ಗಿಂತ ಮರವೇ ಚೆನ್ನಾಗಿ ಕೇಳಿಸಿತು. ಇಡೀ ಕುಣಿತದ ಒಂದು ಸುತ್ತಿಗೆ ಮುನ್ನೂರ ಎಂಬತ್ತನಾಲ್ಕು ಪೆಟ್ಟು, ಒಂದೊಂದು ವಿಡಿಯೊಗೂ ಅದೇ ಕುಣಿತ ಐದು ಸುತ್ತು. ದಿನದ ಮೊತ್ತ ಹದಿಮೂರು ಸಾವಿರದ ನಾನೂರ ನಲವತ್ತು. ಬಲಭುಜ ಸಂಜೆಗೆ ಮರಗಟ್ಟುತ್ತದೆ. ಊಟದ ತಟ್ಟೆಯನ್ನು ಎಡಗೈಯಲ್ಲಿ ಎತ್ತುತ್ತಾರೆ. ವಿಡಿಯೊದ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಇಸ್ತ್ರಿಯವರಿದ್ದಾರೆ, ಇವರಿಲ್ಲ.

ಇಂದಿನ ಬೆಳಗು ಮಾತ್ರ ಬೇರೆ. ಹಲ್ಲಿನ ಆಸ್ಪತ್ರೆಯೊಂದರಲ್ಲಿ ಸ್ವಾಗತಕಾರಿಣಿಯಾಗಿರುವ ಇವರ ಮಗಳು ಹಾಡಿದ ಮೊದಲ ಹಾಡನ್ನು ಇದೇ ಕಂಪನಿ ತೆಗೆದುಕೊಂಡಿದೆ. ತಡವಾಗಿ ಬರುವವರಿಗಾಗಿ ಚಿಲಕ ಹಾಕದೆ ಬಿಟ್ಟ ಬಾಗಿಲಿನ ಹಾಡು ಅದು. ನಿಧಾನದ್ದು, ನಿಮಿಷಕ್ಕೆ ಅರವತ್ತನಾಲ್ಕು. ಹೋದ ವಾರ ಕಂಪನಿ ಮಾದರಿ ಕಳಿಸಿತು. ನಾಲ್ಕು ನಿಮಿಷ ಹನ್ನೊಂದು ಸೆಕೆಂಡಿನ ಹಾಡು ತೊಂಬತ್ತಾರಕ್ಕೆ ಕುಗ್ಗಿ, ಎರಡು ನಿಮಿಷ ನಲವತ್ತೇಳಕ್ಕೇ ಮುಗಿದಿತ್ತು.

"ಅಮ್ಮ, ನಾನು ಬಸ್ಸು ಹಿಡಿಯೋಕೆ ಓಡ್ತಿದೀನಾ?" ಎಂದು ಕೇಳಿ ಮಗಳು ಪಾತ್ರೆ ತೊಳೆಯಲು ಹೋದಳು. ಅಂದಿನಿಂದ ಗುನುಗುವುದನ್ನು ನಿಲ್ಲಿಸಿದ್ದಾಳೆ.

ಆರು ನಲವತ್ತೆಂಟು. ನಾಲ್ಕು ಸುತ್ತು ಮುಗಿದಿವೆ. ಏಳಕ್ಕೆ ಸೇತುವೆಯನ್ನು ವಾಹನಗಳಿಗೆ ಬಿಡಬೇಕು. ಗಡಿಯಾರದಕ್ಕ ನಿರ್ದೇಶಕರ ಬಳಿ ಹೋಗುತ್ತಾರೆ.

"ಸಾರ್, ಕೊನೇ ಸುತ್ತು ನಿಧಾನ ಹೊಡೀತೀನಿ. ಅರವತ್ತನಾಲ್ಕು."

"ಕೈ ಸೋತಿದ್ರೆ ಹೇಳಿ ಅಕ್ಕ, ಬೀಪ್ ಹಾಕಿಸ್ತೀನಿ."

"ಕೈ ಸೋತಿಲ್ಲ. ಮಗಳ ಹಾಡಿಗೆ."

"ಆ ವೇಗಕ್ಕೆ ಇವರು ಕುಣಿಯಲ್ಲ, ನಡೀತಾರೆ. ಯಾರು ನೋಡ್ತಾರೆ?"

"ನೋಡದಿದ್ರೆ ಬಿಡ್ಲಿ. ಕೇಳ್ಲಿ."

ನಿರ್ದೇಶಕರು ಗಡಿಯಾರ ನೋಡುತ್ತಾರೆ. "ಒಂದೇ ಸುತ್ತು. ಅರ್ಧ ಸೆಕೆಂಡು ಆಚೀಚೆ ಆದ್ರೂ ಹಾಡು ಕೂರಲ್ಲ. ಆಗ ಆ ಮಾದರಿನೇ ಗತಿ. ನನ್ನ ಬೈಬೇಡಿ."

ಒಂಬತ್ತು ವರ್ಷ ತೊಂಬತ್ತಾರಕ್ಕೇ ಪಳಗಿದ ಕೈ. ಗಡಿಯಾರದಕ್ಕ ಕಣ್ಣು ಮುಚ್ಚುತ್ತಾರೆ. ಮುದ್ರಣಾಲಯದಲ್ಲಿ ದಪ್ಪ ರಟ್ಟು ಬಂದಾಗ ಯಂತ್ರವನ್ನು ನಿಧಾನ ಮಾಡುತ್ತಿದ್ದರು: ನಿಮಿಷಕ್ಕೆ ಹದಿನಾರು ರಟ್ಟು, ನಾಲ್ಕು ನಾಲ್ಕು ಎಣಿಕೆ. ತೆರೆ, ಇಡು, ತೆಗೆ, ಮುಚ್ಚು. ಮೊದಲ ಪೆಟ್ಟು ಬೀಳುತ್ತದೆ.

ಎರಡನೆಯ ಪೆಟ್ಟು ಬರುವಷ್ಟರಲ್ಲಿ ಮುಂದಿನ ಸಾಲಿನವಳ ಕಾಲು ಗಾಳಿಯಲ್ಲಿ ನಿಂತಿದೆ. "ಗಡಿಯಾರದಕ್ಕ, ಸೆಲ್ಲು ಹೋಯ್ತಾ?" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗುತ್ತಾರೆ. ನಗು. ಗಡಿಯಾರದಕ್ಕ ಬಡಿಯುತ್ತಲೇ ಇದ್ದಾರೆ, ಮಾತಾಡಿದರೆ ಎಣಿಕೆ ತಪ್ಪುತ್ತದೆ. ಸ್ವಲ್ಪ ಹೊತ್ತಿಗೆ ನಗು ತಾನೇ ಅಡಗುತ್ತದೆ. ಕುಣಿಯಲು ಬರದ ವೇಗ. ಎಂಟೂ ಮಂದಿ ಕೊಡೆ ಹಿಡಿದು ಸುಮ್ಮನೆ ನಡೆಯತೊಡಗುತ್ತಾರೆ. ಇನ್ನೂರ ಅರವತ್ತೆಂಟನೆಯ ಪೆಟ್ಟು ಬಿದ್ದಾಗ ಅವರು ಸೇತುವೆಯ ಆ ತುದಿ ತಲುಪಿದ್ದಾರೆ. ಈಚೆ ತುದಿಯಲ್ಲಿ ಹಾಲಿನ ಲಾರಿಯೊಂದು ಹಾರ್ನ್ ಹೊಡೆಯುತ್ತದೆ.

ಕೊನೆಯ ಪೆಟ್ಟು ಎಲ್ಲಿ ಬೀಳಬೇಕಿತ್ತೋ ಅದರಿಂದ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಆಚೆ ಬಿದ್ದಿತ್ತು ಎಂದು ಸಂಕಲನಕಾರ ಅಳೆದು ಹೇಳಿದ. ಹಾಡು ಕೂತಿತು. ಶುಕ್ರವಾರ ಬಿಡುಗಡೆಯಾದಾಗ ಅದರ ಉದ್ದ ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ವಿಡಿಯೊದಲ್ಲಿ ಬಾಗಿಲೂ ಇಲ್ಲ, ಚಿಲಕವೂ ಇಲ್ಲ.

ಊಟದ ವಿರಾಮದಲ್ಲಿ ಮಗಳು ಫೋನು ಮಾಡಿದಳು. "ಅಮ್ಮ, ನಾನು ನಿಧಾನವಾಗೇ ಹಾಡಿದೀನಿ. ಆದ್ರೆ ಛತ್ರಿ ಯಾಕೆ?"

"ನಂಗೇನ್ ಗೊತ್ತೇ? ನಾನು ಕಣ್ಣು ಮುಚ್ಚಿಕೊಂಡಿದ್ದೆ."

ಮುಂದಿನ ವಾರದ ಚಿತ್ರೀಕರಣದ ಪಟ್ಟಿ ಇಸ್ತ್ರಿ ಮೇಜಿನ ಮೇಲಿನ ಗೋಡೆಗೆ ಅಂಟಿದೆ. ದಿನಕ್ಕೆ ಏಳು ವಿಡಿಯೊ. ಆರರ ಮುಂದೆ ತೊಂಬತ್ತಾರು ಎಂದಿದೆ, ಏಳನೆಯದರ ಮುಂದೆ ಅರವತ್ತನಾಲ್ಕು.