ಷಟರ್ ಕಾಯುತ್ತಿದ್ದ ಪುಟ್ಟಮಾದಪ್ಪ

ಅರ್ಧಕ್ಕೆ ನಿಂತ ಷಟರ್ ಕಂಡರೆ ಪುಟ್ಟಮಾದಪ್ಪನವರು ಎಲ್ಲಿದ್ದರೂ ಅಲ್ಲೇ ನಿಂತುಬಿಡುತ್ತಿದ್ದರು. ಕೈಯಲ್ಲಿ ಹಾಲಿನ ಚೊಂಬಿರಲಿ, ತರಕಾರಿ ಚೀಲವಿರಲಿ, ಅದನ್ನು ಕೆಳಗಿಟ್ಟು, "ಯಾರಪ್ಪ ಒಳಗೆ? ಎತ್ತುದ್ರೆ ಪೂರ್ತಿ ಎತ್ತಿ, ಇಳಿಸುದ್ರೆ ಪೂರ್ತಿ ಇಳಿಸಿ. ನಡುಮಧ್ಯ ಬುಟ್ಟು ಓಯ್ತೀರಲ್ಲ, ತಗಲೋ ತಲೆ ಯಾರ್ದು?" ಎಂದು ಕೂಗುತ್ತಿದ್ದರು. ಷಟರ್ ಮೇಲಕ್ಕೋ ಕೆಳಕ್ಕೋ ಹೋಗುವವರೆಗೆ ಕದಲುತ್ತಿರಲಿಲ್ಲ. ಕೊಳ್ಳೇಗಾಲದ ನಮ್ಮ ಬೀದಿಯ ಅಂಗಡಿಯವರು ಅವರ ತಲೆ ತಿರುವಿನಲ್ಲಿ ಕಂಡರೆ ಸಾಕು, ಕೊಕ್ಕೆ ಹಿಡಿದು ಷಟರ್ ಮೇಲಕ್ಕೆ ತಳ್ಳಿಬಿಡುತ್ತಿದ್ದರು.

ಅವರು ಖಾಸಗಿ ಬಸ್ಸುಗಳಲ್ಲಿ ಕಂಡಕ್ಟರಾಗಿ ದುಡಿದವರು. ಚರ್ಮದ ಚೀಲ ಹೊತ್ತು ಹೊತ್ತು ಎಡಭುಜ ಒಂದಿಷ್ಟು ಕೆಳಗಿಳಿದಿತ್ತು. ನೆಲದ ಮೇಲೂ ಕಾಲು ಅಗಲಿಸಿಯೇ ನಿಲ್ಲುವರು, ಬೀದಿ ಯಾವಾಗ ಬೇಕಾದರೂ ಬ್ರೇಕ್ ಹಾಕೀತು ಅನ್ನುವ ಹಾಗೆ. ನಮ್ಮ ಎದುರು ಮನೆ. ನಾನು ಮದುವೆಯಾಗಿ ಬಂದಾಗಿನಿಂದ ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದೆ.

ನಮ್ಮದು ರೇಷ್ಮೆ ನೇಯುವ ಮನೆತನ. ಕೆಳಗಿನ ಪಡಸಾಲೆಯಲ್ಲಿ ಮಗ್ಗಗಳಿದ್ದವು. ಅವು ನಿಂತ ಮೇಲೆ ಆ ಜಾಗದಲ್ಲಿ ಹಳೆಯ ಪೆಟ್ಟಿಗೆಗಳು, ಬೆಕ್ಕು ಮತ್ತು ಧೂಳು ಸೇರಿಕೊಂಡವು. ನನ್ನ ಗಂಡ ಸತೀಶ್ ಕಾರು ಕೊಂಡಾಗ ಮುಂದಿನ ಗೋಡೆ ಒಡೆಸಿ, ಅಲ್ಲಿಗೆ ರಿಮೋಟಿನಿಂದ ನಡೆಯುವ ಮೋಟರ್ ಷಟರ್ ಹಾಕಿಸಿದರು. ನಮ್ಮ ಬೀದಿಗೆ ಅದೇ ಮೊದಲನೆಯದು. ಮೊದಲ ದಿನ ಅದು ತಾನೇ ಸುತ್ತಿಕೊಂಡು ಮೇಲೇರುವುದನ್ನು ನೋಡಲು ನೆರೆಯವರೆಲ್ಲ ಬಂದು ನಿಂತಿದ್ದರು. ಎಲ್ಲರೂ ಹೊಗಳಿದರು. ಪುಟ್ಟಮಾದಪ್ಪನವರು ಮಾತ್ರ ಹೊಸ್ತಿಲ ಗೆರೆಯ ಮೇಲೆ ಬಗ್ಗಿ ಕೂತು, ಮೇಲೆ ನೋಡಿ, "ಇದ್ಕೆ ಕಣ್ಣಿದ್ದದಾ?" ಎಂದು ಕೇಳಿದರು.

"ಇದೆ ದೊಡ್ಡಪ್ಪ," ಎಂದರು ಸತೀಶ್. ಎರಡೂ ಕಡೆಯ ಗೋಡೆಯಲ್ಲಿ, ಮೊಣಕಾಲಿನ ಎತ್ತರಕ್ಕೆ, ಒಂದನ್ನೊಂದು ನೋಡುವ ಹಾಗೆ ಕೂರಿಸಿದ್ದ ಪುಟ್ಟ ಸೆನ್ಸರುಗಳನ್ನು ತೋರಿಸಿದರು. ನಡುವೆ ಏನಾದರೂ ಅಡ್ಡ ಬಂದರೆ ಇಳಿಯುತ್ತಿರುವ ಷಟರ್ ತಾನೇ ನಿಂತು ಮೇಲಕ್ಕೆ ಹೋಗುತ್ತದೆ ಎಂದು ಹಾಕಿದವನು ಹೇಳಿದ್ದ.

"ಯೋಳುದ್ರೆ ಆಯ್ತಾ? ನೋಡುದ್ರಾ ನೀವು?"

ನಾವು ನೋಡಿರಲಿಲ್ಲ. ಅವರು ಸೀದಾ ನಮ್ಮ ಅಡುಗೆಮನೆಗೆ ನಡೆದು, ಹುಳಿಗೆಂದು ತಂದಿಟ್ಟಿದ್ದ ಮೊಣಕಾಲುದ್ದದ ದಪ್ಪನೆಯ ಸೋರೆಕಾಯಿಯನ್ನು ಎತ್ತಿಕೊಂಡು ಬಂದು, ಎರಡು ಸೆನ್ಸರುಗಳ ನಡುವೆ ಷಟರಿನ ಅಡಿಗೆ ಸರಿಯಾಗಿ ನೆಟ್ಟಗೆ ನಿಲ್ಲಿಸಿದರು. "ಈಗ ಬುಡು," ಎಂದರು. ಸತೀಶ್ ನಗುತ್ತಲೇ ಗುಂಡಿ ಒತ್ತಿದರು. ಷಟರ್ ಗುರ್ ಎಂದು ಇಳಿಯಿತು. ನಿಲ್ಲಲಿಲ್ಲ. ಸೋರೆಕಾಯಿ ಪಚಕ್ಕನೆ ಒಡೆದು, ಬೀಜ ತಿರುಳು ಎಲ್ಲ ಕಾರಿನ ಚಕ್ರದವರೆಗೆ ಸಿಡಿಯಿತು. ನೆರೆದವರ ನಗು ಅಲ್ಲೇ ನಿಂತಿತು. ನನ್ನ ಅತ್ತೆ ದಿನಾ ಸಂಜೆ ಅಕ್ಕಿ ಆರಿಸಲು ಕೂರುತ್ತಿದ್ದುದು ಅದೇ ಹೊಸ್ತಿಲಲ್ಲಿ. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಷಟರ್ ಹಾಕಿದವನನ್ನು ಕರೆಸಿದೆವು. ಹಾಕಿ ನೋಡುವಾಗ ಬಿಸಿಲು ನೇರ ಬಿದ್ದರೆ ಷಟರ್ ಸುಮ್ಮಸುಮ್ಮನೆ ನಿಂತುಹೋಗುತ್ತಿತ್ತಂತೆ. ಗಿರಾಕಿ ಬೈಯುತ್ತಾರೆಂದು ಅವನು ಸೆನ್ಸರಿನ ವೈರನ್ನೇ ಬಿಚ್ಚಿಟ್ಟಿದ್ದ. "ಬೈಸ್ಕಬೇಕಿತ್ತು ಕಣಪ್ಪ," ಎಂದರು ಪುಟ್ಟಮಾದಪ್ಪನವರು, ದನಿ ಏರಿಸದೆ. ಅವನು ಸೆನ್ಸರಿಗೆ ಬಿಸಿಲು ತಾಗದಂತೆ ತಗಡಿನ ಮರೆ ಕಟ್ಟಿ, ವೈರು ಜೋಡಿಸಿ ಹೋದ. ಎರಡನೆಯ ಸೋರೆಕಾಯಿ ಉಳಿಯಿತು. ಅಂದು ರಾತ್ರಿ ಅದನ್ನೇ ಹುಳಿ ಮಾಡಿ ಎದುರು ಮನೆಗೂ ಕಳಿಸಿದೆ.

ಹಾಗೆಂದು ಅವರಿಗೆ ಯಂತ್ರದ ವಿಷಯ ಏನೂ ಗೊತ್ತಿರಲಿಲ್ಲ. ಷಟರ್ ಕಿರುಗುಟ್ಟುತ್ತದೆ ಎಂದು ಒಮ್ಮೆ ನಾವಿಲ್ಲದಾಗ ಎರಡೂ ಕಡೆಯ ಹಳಿಗಳಿಗೆ ಹರಳೆಣ್ಣೆ ಸುರಿದಿಟ್ಟರು. ಬೀದಿಯ ಧೂಳೆಲ್ಲ ಅದಕ್ಕೆ ಮೆತ್ತಿ, ವಾರ ಕಳೆಯುವುದರಲ್ಲಿ ಷಟರ್ ಎಡಕ್ಕೊಂದು ಬಲಕ್ಕೊಂದು ಎಳೆಯುತ್ತ ಸಿಕ್ಕಿಕೊಂಡಿತು. ರಿಪೇರಿಗೆ ಬಂದವನು ಗಟ್ಟಿಯಾದ ಮಸಿಯನ್ನು ಕೆರೆದು ತೆಗೆಯುತ್ತ, "ಯಾರ್ ಸಾ ಇದು, ಬೋಂಡ ಕರಿಯಕೆ ಹೊಂಟಿದ್ರಾ? ಒಣಬಟ್ಟೇಲಿ ಒರೆಸುದ್ರೆ ಸಾಕು," ಎಂದ. ಪುಟ್ಟಮಾದಪ್ಪನವರು ತಕ್ಷಣ, "ನಾನೇ ಕಣಪ್ಪ, ತೆಪ್ಪಾಯ್ತು," ಎಂದು ತಾವೇ ಬಟ್ಟೆ ಹಿಡಿದು ಕೂತರು. ಅಂದಿನಿಂದ ಹಳಿ ಒರೆಸುವುದು, ಸೆನ್ಸರಿಗೆ ಕಟ್ಟಿದ ಜೇಡರ ಬಲೆ ತೆಗೆಯುವುದು ಅವರ ಕೆಲಸವಾಯಿತು. ಮೇಲಿನ ಪೆಟ್ಟಿಗೆಯಲ್ಲಿದ್ದ ಸ್ಪ್ರಿಂಗಿನ ಹತ್ತಿರ ಮಾತ್ರ ಅವರೂ ಹೋಗರು, ಯಾರನ್ನೂ ಬಿಡರು. "ಅದು ಸುತ್ಕಂಡು ಕೂತಿರೋ ಆವು. ಗೊತ್ತಿದ್ದೋನು ಬರ್ಲಿ."

ಅವರ ಇನ್ನೊಂದು ಕಾಟ ಅಮಾವಾಸ್ಯೆಯದು. ದೇವರ ದರ್ಶನಕ್ಕೆ ಬೆಟ್ಟಕ್ಕೆ ಜನ ಹೊರಡುವ ದಿನ, ಯಾರೂ ಮರೆಯುವುದಿಲ್ಲ ಎಂದು ಅದನ್ನೇ ಗೊತ್ತು ಮಾಡಿದ್ದರು. ಅಂದು ಬೆಳಿಗ್ಗೆ ಬಂದು ಷಟರಿನ ಮೇನ್ ಸ್ವಿಚ್ ಆರಿಸಿ, "ಕರೆಂಟ್ ಓಯ್ತು. ಈಗ ಏನ್ ಮಾಡ್ತೀಯೆ?" ಎಂದು ನನ್ನನ್ನೇ ಕೇಳುವರು. ಮೋಟರಿನ ಪಕ್ಕದಲ್ಲಿ ಮಡಚಿ ಕಟ್ಟಿದ್ದ ಕೈಸರಪಳಿಯನ್ನು ಬಿಚ್ಚಿ, ಒಂದೇ ಹದದಲ್ಲಿ ಎಳೆಯುತ್ತ ಷಟರನ್ನು ತುದಿಯವರೆಗೆ ಏರಿಸಿ ತೋರಿಸಬೇಕು. ಅವಸರ ಮಾಡಿದರೆ ಸರಪಳಿ ಗಾಲಿಯಿಂದ ಜಾರುತ್ತಿತ್ತು. "ಬಾವಿ ನೀರು ಸೇದಂಗೆ ಕಣವ್ವ, ಜಗಳ ಆಡಂಗಲ್ಲ," ಎನ್ನುವರು. ಒಲೆಯ ಮೇಲೆ ಹಾಲಿಟ್ಟು ಬಂದ ನನಗೆ ಎಷ್ಟೋ ಸಲ ರೇಗಿದ್ದುಂಟು.

ಮಗಳು ಪೂರ್ಣಿಮಾ ಬಾಣಂತನಕ್ಕೆ ಬಂದಿದ್ದ ವರ್ಷ. ದಿನ ತುಂಬಲು ಇನ್ನೂ ಸಮಯವಿತ್ತು. ಒಂದು ಮಧ್ಯಾಹ್ನ ಗಾಳಿಮಳೆ ಎದ್ದು, ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು. ಅದೇ ಹೊತ್ತಿಗೆ ಅವಳು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಕಾಲಿನ ಮೇಲೆ ರಕ್ತ ಇಳಿಯುತ್ತಿತ್ತು. ಸತೀಶ್ ಅವಳನ್ನು ಎತ್ತಿ ಕಾರಿನಲ್ಲಿ ಕೂರಿಸಿ ರಿಮೋಟ್ ಒತ್ತಿದರು. ಷಟರ್ ಅಲುಗಲಿಲ್ಲ. ಮತ್ತೆ ಮತ್ತೆ ಒತ್ತಿದರು. ಆಮೇಲೆ ಬಗ್ಗಿ ಅಡಿಪಟ್ಟಿಗೆ ಬೆರಳು ಸಿಕ್ಕಿಸಿ ಎತ್ತಲು ಹೊರಟರು. ಅಷ್ಟು ಭಾರ ಒಬ್ಬ ಮನುಷ್ಯನ ಕೈಗೆ ಏಳುತ್ತದೆಯೇ? ಹೊರಗೆ ಮಳೆಗೆ ಒಂದು ಆಟೋ ಕೂಡ ಇರಲಿಲ್ಲ. ಪುಟ್ಟಮಾದಪ್ಪನವರು ಸತ್ತೇಗಾಲದ ನೆಂಟರ ಮನೆಗೆ ಹೋಗಿದ್ದರು.

"ನೀವು ಕಾರಲ್ಲಿ ಕೂತ್ಕೊಳ್ಳಿ," ಎಂದು ಸತೀಶರನ್ನು ಸರಿಸಿ ನಾನು ಸರಪಳಿ ಬಿಚ್ಚಿದೆ. ಕಾರಿನೊಳಗಿಂದ ಪೂರ್ಣಿಮಾ "ಅಮ್ಮಾ" ಎಂದು ಕೂಗಿದಾಗ ಜಗ್ಗಿ ಎಳೆಯಬೇಕೆನ್ನಿಸಿತು. ಎಳೆಯಲಿಲ್ಲ. ನೀರು ಸೇದುವ ಹಾಗೆ, ಒಂದು ಕೈ ಬಿಟ್ಟು ಒಂದು ಕೈ. ಕಾಲ ಬಳಿ ಬೆಳಕಿನ ಗೆರೆ ಮೂಡಿತು, ಅಗಲವಾಯಿತು, ಮಳೆಯ ಎರಚಲು ಒಳಗೆ ಬಂತು. ಕಾರು ಹೊರಟಿತು. ನಾನು ಓಡಿ ಹತ್ತಿಕೊಂಡೆ.

ಆಸ್ಪತ್ರೆಯಲ್ಲಿ ಸೀದಾ ಆಪರೇಷನ್ನಿಗೆ ಒಯ್ದರು. ಹೊರಗಿನ ಬೆಂಚಿನಲ್ಲಿ ಕೂತ ಆ ಹೊತ್ತನ್ನು ನೆನೆಸಿಕೊಳ್ಳಲೂ ನನಗೆ ಇಷ್ಟವಿಲ್ಲ. ಕೊನೆಗೆ ಬಾಗಿಲು ತೆರೆದು ನರ್ಸಮ್ಮ ಹೊರಗೆ ಬಂದು, "ಹೆಣ್ಮಗು. ಇಬ್ರೂ ಚೆನ್ನಾಗವ್ರೆ," ಎಂದಾಗ ನಾನು ಅವರ ಎರಡೂ ಕೈ ಹಿಡಿದುಕೊಂಡೆ. ಅಂಗೈ ಬೊಬ್ಬೆ ಎದ್ದಿರುವುದು ಆಗಲೇ ಗೊತ್ತಾದದ್ದು.

ಸಂಜೆ ಪುಟ್ಟಮಾದಪ್ಪನವರು ಒದ್ದೆ ಪಂಚೆಯಲ್ಲಿ ಬಸ್ಸಿಳಿದು, ಸುದ್ದಿ ಕೇಳಿ ಸೀದಾ ಆಸ್ಪತ್ರೆಗೆ ಬಂದರು. ಮಗುವನ್ನು ನೋಡಿದರು, ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ, "ಷಟರ್ ಎಂಗೆ ಬುಟ್ಟು ಬಂದ್ರಿ?" ಎಂದರು.

"ಪೂರ್ತಿ ಎತ್ತಿ ಬಂದ್ವಿ ದೊಡ್ಡಪ್ಪ."

"ಸರಿ. ನಾನ್ ಅಲ್ಲಿ ಕೂತಿರ್ತೀನಿ. ನೀವು ಮಗೀನ ನೋಡ್ಕಳಿ," ಎಂದು ಹೊರಟೇಬಿಟ್ಟರು. ಕರೆಂಟ್ ಬರುವವರೆಗೆ ತೆರೆದ ಷಟರಿನ ಬಾಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರಂತೆ.

ಹೆಂಡತಿ ತೀರಿಕೊಂಡ ಮೇಲೆ ಅವರನ್ನು ಮಗಳು ಶಿವಮ್ಮ ಹನೂರಿಗೆ ಕರೆದುಕೊಂಡು ಹೋದಳು. ಮೊಮ್ಮಗಳ ಮುಡಿ ಕೊಟ್ಟು ಬೆಟ್ಟದಿಂದ ಇಳಿಯುವಾಗ ನಾವು ಅಲ್ಲಿಗೆ ಹೋದೆವು. ಬಡವಾಗಿದ್ದರು. ಮುಖ ಮಾತ್ರ ತಿಳಿಯಾಗಿತ್ತು. ಮಗುವಿನ ಬೋಳುತಲೆ ಸವರುತ್ತ, ನಾನು ಕೇಳದೆಯೇ ಹೇಳತೊಡಗಿದರು.

ಬೆಟ್ಟದ ಲೈನಿನ ಬಸ್ಸಿನಲ್ಲಿದ್ದಾಗ, ಒಂದು ತಿರುವಿನಲ್ಲಿ ಒಬ್ಬ ಹೆಂಗಸು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಇಳಿಯುತ್ತಿದ್ದಳಂತೆ. ಇವರು ಟಿಕೆಟ್ ಲೆಕ್ಕದಲ್ಲಿ ತಲೆ ಎತ್ತದೆ ಸೀಟಿ ಊದಿದರು. ಬಾಗಿಲಿಗೆ ಸೀರೆ ಸಿಕ್ಕಿ, ಬಸ್ಸು ಅವಳನ್ನು ಅಷ್ಟು ದೂರ ಎಳೆಯಿತು. ಹಿಂದೆ ಬಂದ ಜೀಪಿನವರು ತಾಯಿ ಮಗುವನ್ನು ಎತ್ತಿಕೊಂಡು ಹೋದರು. ಮಾರನೆಯ ದಿನ ಟೀ ಅಂಗಡಿಯಲ್ಲಿ ಯಾರೋ ಮಗು ಉಳಿಯಲಿಲ್ಲ ಎಂದರು. ಮಾಲೀಕರ ಕೈಕಾಲು ಹಿಡಿದು ಯಳಂದೂರು ಲೈನಿಗೆ ಬದಲಾಯಿಸಿಕೊಂಡರು.

"ನಿಜವಾ ಸುಳ್ಳಾ ಅಂತ ಒಂದಿನ ಓಗಿ ಕೇಳ್ಲಿಲ್ಲ ಕಣವ್ವ. ಅಷ್ಟು ಎದರ್ಕೆ. ಇಲ್ಲಿಗೆ ಬಂದ್ಮೇಲೆ, ಇನ್ನೆಷ್ಟು ದಿನ ಬದುಕೇನು ಅಂತ, ಆ ಕಡೆ ಊರೋರ್ನ ಬಸ್‌ಸ್ಟ್ಯಾಂಡಲ್ಲಿ ಇಡ್ಕಂಡು ಇಡ್ಕಂಡು ಇಚಾರಿಸ್ದೆ. ಓದ ತಿಂಗ್ಳು ಆ ಎಣ್ಮಗಳೇ ಮನೆ ಬಾಗ್ಲಿಗೆ ಬಂದ್ಲು."

"ಏನಂದರು ದೊಡ್ಡಪ್ಪ?"

"ಮೊಣಕೈ ತೋರುಸ್ತು. ಇಷ್ಟೇ ತರಚಿದ್ದು ಅಣ್ಣ, ಅದ್ಕೆ ಇಷ್ಟು ಕಾಲ ಕೊರಗುದ್ಯಾ ಅಂತ ಬೈತು. ಅದರ ಇಂದೆ ನಿಂತಿದ್ದ ಗಂಡ್ಸೇ ಆ ಮಗ ಕಣವ್ವ! ಮೀಸೆ ಬುಟ್ಕಂಡು, ನನ್ಗಿಂತ ಎತ್ರ ನಿಂತಿದ್ದ. ಮೈಯೆಲ್ಲ ಮುಟ್ಟಿ ನೋಡ್ಬುಟ್ಟೆ. ಅವ್ನು ನಕ್ಕಂಡು ಸುಮ್ನೆ ಮುಟ್ಟುಸ್ಕಂಡ."

ಅವರ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವಿತ್ತು. ಶಿವಮ್ಮ ಕಾಫಿ ತರಲು ಒಳಗೆ ಹೋದಳು. ಪೂರ್ಣಿಮಾ ಮಗುವನ್ನು ಅವರ ಪಕ್ಕದಿಂದ ಎತ್ತಿಕೊಳ್ಳುವಷ್ಟರಲ್ಲಿ ಅವರು ಗೋಡೆಗೆ ಒರಗಿ, ಬಾಯಿ ಅರೆ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

"ಈಗ ಇಂಗೇ, ಕೂತಲ್ಲೇ ನಿದ್ದೆ. ನಾನು ಹುಟ್ದಾಗಿಂದ ಅಪ್ಪ ಇಂಗೆ ಮಲಗಿದ್ದ ನೋಡಿರ್ಲಿಲ್ಲ," ಎಂದಳು ಶಿವಮ್ಮ, ಲೋಟಗಳನ್ನು ಸದ್ದಾಗದ ಹಾಗೆ ಕೆಳಗಿಡುತ್ತ. "ಎಬ್ಬುಸ್ಲಾ ಅಕ್ಕ?"

ಬೇಡವೆಂದೆ. ಅವರು ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಒಂದು ಮಾತು ಹೇಳಿ ಬರಬೇಕಿತ್ತು ಎಂದು ಆಮೇಲೆ ಅನ್ನಿಸಿದ್ದುಂಟು. ಆದರೆ ಅಷ್ಟು ವರ್ಷಗಳ ಮೇಲೆ ಬಂದ ನಿದ್ದೆ ಅದು, ಎಬ್ಬಿಸಲು ಮನಸ್ಸಾಗಲಿಲ್ಲ. ಕಾಫಿ ಕುಡಿದು, ಚಪ್ಪಲಿ ಕೈಯಲ್ಲೇ ಹಿಡಿದುಕೊಂಡು, ನಾವು ಮೆಲ್ಲಗೆ ಹೊರಗೆ ಬಂದೆವು.