ರೊಟ್ಟಿ ತಡವಾಗುವ ಹೋಟೆಲು

ಹೋದ ವಾರ ಅಣ್ಣನ ಮಗಳ ಜೊತೆ ಹುಮನಾಬಾದಿನಲ್ಲಿ ಹೋಟೆಲು ಹುಡುಕುತ್ತಿದ್ದೆ. ಬರುವ ಭಾನುವಾರ ಅವಳನ್ನು ನೋಡಲು ಹುಡುಗನ ಕಡೆಯವರು ಬರುವವರಿದ್ದಾರೆ. ಊಟ ಹೊರಗೇ ಎಂದು ಮಾತಾಗಿತ್ತು. ಯಾವುದೋ ಬಾಗಿಲಿನಿಂದ ಹೆಂಚಿನ ಮೇಲೆ ಬೇಯುವ ಜೋಳದ ರೊಟ್ಟಿಯ ವಾಸನೆ ಬಂತು ನೋಡಿ, ನಿಂತುಬಿಟ್ಟೆ. ಬಳೆ ಮಾರುತ್ತಿದ್ದ ಪಕ್ಕದ ಮನೆಯ ಚಾಚಿ ನೆನಪಾದರು…

ಬಸವಕಲ್ಯಾಣದಲ್ಲಿ ನಮ್ಮದೂ ಅವರದೂ ಒಂದೇ ಗೋಡೆ. ಆಗ ನನ್ನನ್ನು ನೋಡಲು ಘಾಟಬೋರಾಳದಿಂದ ಬರಬೇಕಿದ್ದವರೂ ಹೀಗೆಯೇ, ಹುಮನಾಬಾದಿನ ಹೋಟೆಲಿನಲ್ಲಿ ಊಟಕ್ಕೆ ಸೇರೋಣ ಎಂದಿದ್ದರು. ಅಪ್ಪನಿಗೆ ತಲೆ ಕೆಟ್ಟುಹೋಯಿತು. ಊರೂರು ತಿರುಗುವ ಚಾಚಿಗೇ ಹೋಟೆಲು ಆರಿಸುವ ಕೆಲಸ ಒಪ್ಪಿಸಿದರು. ನನಗೋ ಬೇರೆಯದೇ ಚಿಂತೆ. ಮದುವೆಯಾದ ಮೇಲೆ ಬಿ.ಎಡ್. ಓದಲು ಬಿಡುತ್ತಾನೋ ಇಲ್ಲವೋ, ಅದನ್ನು ಹುಡುಗನ ಬಾಯಿಂದಲೇ ಕೇಳಬೇಕಿತ್ತು. ಹಿರಿಯರ ಮುಂದೆ ಹೇಗೆ ಬಾಯಿ ಬಿಡುವುದು? ಚಾಚಿಯ ಮುಂದೆ ಅತ್ತೇಬಿಟ್ಟೆ.

ಊಟದ ಹಿಂದಿನ ದಿನ ಹೋಟೆಲು ನೋಡಲು ಇಬ್ಬರೂ ಬಸ್ಸು ಹತ್ತಿದೆವು. ಏನು ಖುಷಿ ನನಗೆ! ಮೊದಲನೆಯ ಹೋಟೆಲು ಥಳಥಳ ಹೊಳೆಯುತ್ತಿತ್ತು. ಚಾಚಿ ಮೂಗು ಮುರಿದರು.

"ಹಾಡು ಭಾಳ ಜೋರ್ ಅದ. ಹುಡುಗ ಏನಂದ ಅಂತ ನಿನಗ ಹ್ಯಾಂಗ ಕೇಳ್ತದ?"

ಇನ್ನೊಂದರಲ್ಲಿ ಕುಳಿತ ಕೂಡಲೇ ತಟ್ಟೆ ಬಂತು. ಅದೂ ಬೇಡವಾಯಿತು. ಕೊನೆಗೆ ಸಿಕ್ಕಿದ್ದು ಒಂದು ಸಣ್ಣ ಖಾನಾವಳಿ. ಅಲ್ಲಿ ನಾವು ಹೇಳಿದ ಮೇಲೆಯೇ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿದ್ದರು. ಹಸಿವಿನಿಂದ ನನಗೆ ಕಣ್ಣು ಕತ್ತಲೆ ಬಂದರೂ ರೊಟ್ಟಿ ಬರಲಿಲ್ಲ. ಚಾಚಿಯ ಮುಖ ಅರಳಿತು.

"ಇದೇ ಛಲೋ ಅದ ಬೇಟಾ. ಹಿರಿಯರು ಹಸಿದ್ರಂದ್ರ ಅಡಿಗಿಮನಿ ಕಡಿ ನೋಡ್ತಾರ. ನಿಮ್ಮಿಬ್ಬರ ಕಡಿ ಯಾರು ನೋಡ್ತಾರ?"

ಮರುದಿನ ಹಾಗೆಯೇ ಆಯಿತು. ಅಪ್ಪ ಸಿಟ್ಟಿನಿಂದ ಎದ್ದು ಒಳಗೆ ವಿಚಾರಿಸಲು ಹೋದರು. ಉಳಿದ ಹಿರಿಯರ ಕಣ್ಣೂ ಅಡುಗೆಮನೆಯ ಬಾಗಿಲಲ್ಲೇ. ಎದೆ ಗಟ್ಟಿ ಮಾಡಿಕೊಂಡು ಹುಡುಗನನ್ನು ಕೇಳಿಯೇಬಿಟ್ಟೆ.

"ಓದ್ರಿ. ಅಡಿಗಿ ನನಗೂ ಬರ್ತದ," ಎಂದ.

ಅಲ್ಲೇ ಎದ್ದು ಕುಣಿಯಬೇಕೆನಿಸಿತು! ಅವರೇ ನನ್ನ ಗಂಡ. ನಾನೀಗ ಶಾಲೆಯಲ್ಲಿ ಕಲಿಸುತ್ತೇನೆ.

ಮೊಬೈಲಿನಲ್ಲಿ ಯಾವ ಹೋಟೆಲಿಗೆ ಎಷ್ಟು ಸ್ಟಾರ್ ಎಂದು ನೋಡುತ್ತಿದ್ದ ಅಣ್ಣನ ಮಗಳಿಗೆ, "ಊಟ ಎಲ್ಲಿ ತಡಾ ಮಾಡ್ತಾರೋ ಅಲ್ಲೇ ಹೋಗೂಣು," ಎಂದೆ.

"ಅತ್ತಿ, ನಿಮಗೇನಾಗ್ಯದ್ರಿ?" ಎಂದು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ.

ಚಾಚಿ ತೀರಿಕೊಂಡು ವರ್ಷವಾಯಿತು… ಇವಳಿಗೂ ಆ ಹುಡುಗನನ್ನು ಕೇಳಬೇಕಾದದ್ದು ಏನೋ ಇದ್ದೇ ಇದೆ. ನನ್ನ ಮುಂದೆ ಹೇಳುತ್ತಿಲ್ಲ. ಚಾಚಿ ಇದ್ದಿದ್ದರೆ ಅವರ ಮುಂದೆ ಹೇಳುತ್ತಿದ್ದಳು.