ಮೆಂತೆ ಹುರಿಯುವಾಗ ಬಳೆಯ ಸಪ್ಪಳ

ಹೋದ ವಾರ ನಮ್ಮ ಮನೆಯಲ್ಲಿ ಮೆಂತೆಕಾಳು ಹೊತ್ತಿತು. ವರ್ಷದ ಮಸಾಲೆ ಖಾರಕ್ಕೆ ಸಾಮಾನು ತೆಗೆದಿಟ್ಟು, ಮೊದಲು ಮೆಂತೆ ಹಂಚಿಗೆ ಹಾಕಿ, "ಅತ್ತಿ, ಜರಾ ನೋಡ್ಕೋರಿ" ಅಂತ ಹೇಳಿ ಸೊಸೆ ಹಿತ್ತಲಿಗೆ ಹೋಗಿದ್ದಳು. ನಾನು ಒಲೆ ಮುಂದೆಯೇ ಕುಂತಿದ್ದೆ. ಆಕೆ ಹಿತ್ತಲಿಂದ ಓಡಿ ಬಂದಳು.

"ಹೊತ್ತಿದ ವಾಸನಿ ಅಲ್ಲೀತನ ಬಂದೈತ್ರಿ. ನಿಮಗ ಬರ್ಲಿಲ್ಲೇನು?"

ಬರಲಿಲ್ಲ. ಕಣ್ಣೂ ಮಂಜು, ಕರ್ರಗಾಗಿದ್ದು ಕಾಣಲಿಲ್ಲ. ಯಾವುದೋ ವಾಸನೆ ಬಂದು ಹಳೇದು ನೆನಪಾಯಿತು ಅಂತ ಜನ ಹೇಳುತ್ತಾರೆ. ನನಗೆ ವಾಸನೆ ಬರದೇ ನೆನಪಾಯಿತು... ಬಾಜು ಮನೆಯ ಆಯಿ.

ನಾನು ಸರಸಂಬಾದಿಂದ ಆಳಂದಕ್ಕೆ ಮದುವೆಯಾಗಿ ಬಂದಾಗಿನಿಂದ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಆಯಿಯ ಮಗನದು ತೊಗರಿ ವ್ಯಾಪಾರ. ಮನೆ ಸೊಸೆಯ ಕೈಯಲ್ಲಿ. ಗಂಡ ಹೋದ ಮೇಲೆ ಆಯಿ ಒಂದೊಂದೇ ಬಿಟ್ಟುಕೊಟ್ಟಿದ್ದಳು. ಮೊದಲು ಕೀಲಿಕೈ, ಆಮೇಲೆ ಹಾಲು ಮೊಸರು, ಆಮೇಲೆ ಹಬ್ಬದ ಅಡುಗೆ. ಖಾರ ಮಾತ್ರ ಬಿಟ್ಟಿರಲಿಲ್ಲ. ಬೇಸಿಗೆಯಲ್ಲಿ ಆಕೆ ಹುರಿದು ಕುಟ್ಟಿಸಿದ ಖಾರವೇ ವರ್ಷವಿಡೀ ಆ ಮನೆಯ ಸಾರಿಗೆ, ಪಲ್ಯಕ್ಕೆ. "ನಾ ಹೋದ ಮ್ಯಾಲ ಬೇಕಾದ್ದು ತಿನ್ರಿ" ಅನ್ನುತ್ತಿದ್ದಳು.

ನಮ್ಮ ಓಣಿಗೆ ನಳ ಬಂದ ಹೊಸತು. ಒಂದು ಬೇಸಿಗೆ ಗೋಡೆ ಆಚೆಯಿಂದ ಕೂಗಿದಳು. ನನ್ನನ್ನು ತವರೂರ ಹೆಸರಿನಿಂದಲೇ ಕರೆಯುತ್ತಿದ್ದಳು.

"ಏ ಸರಸಂಬಾದಾಕಿ, ಬಾ ಬೇ ಇಲ್ಲಿ. ಮೆಂತೆ ಆತೇನ ನೋಡು."

"ಖಾರದಾಗ ನನ್ನ ಕೇಳೂ ಕಾಲ ಬಂತೇನ್ರಿ ಆಯಿ?" ಅಂತ ನಕ್ಕೆ.

ಆಕೆ ನಗಲಿಲ್ಲ. ಸೆರಗು ಬಾಯಿಗೆ ಹಿಡಿದು ಹೇಳಿದಳು. ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ಮೂಗನ್ನೂ ತೆಗೆದುಕೊಂಡು ಹೋಗಿತ್ತು. ಹೂವಿನ ವಾಸನೆ ಇಲ್ಲ, ಹೊಗೆಯದೂ ಇಲ್ಲ. ತಿಂದಿದ್ದೆಲ್ಲ ಮಣ್ಣು. ಮೆಂತೆಯನ್ನು ಬಣ್ಣ ನೋಡಿ ಇಳಿಸಿದರೆ ತಡವಾದಂತೆಯೇ ಲೆಕ್ಕ, ಘಮ ಬಂದ ಕೂಡಲೆ ಇಳಿಸಬೇಕು.

"ಸೊಸಿಗಿ ಹೇಳಬ್ಯಾಡ. ಗೊತ್ತಾತಂದ್ರ ನಾಳಿಂದ ನನ್ನ ಮೂಲ್ಯಾಗ ಕುಂಡ್ರಸ್ತಾಳ."

ಮೆಣಸಿನಕಾಯಿಯ ತೊಟ್ಟು ಮುರಿಯುವ ನೆಪ ಮಾಡಿ ಪಕ್ಕಕ್ಕೆ ಕುಂತೆ. ಹದ ಬಂದಾಗ ಕೆಮ್ಮುತ್ತೇನೆ ಅಂದೆ.

"ಖಾರ ಹುರಿಯೂ ಮನ್ಯಾಗ ಯಾರ ಕೆಮ್ಮೂದಿಲ್ಲ ಬೇ? ಬಳಿ ಬಡಿ" ಅಂದಳು.

ಹಾಗೇ ಮಾಡಿದೆ. ಘಮ ಬಂದ ಕೂಡಲೆ ಕೈ ಝಾಡಿಸಿದರೆ ಹಸಿರು ಬಳೆ ಝಲ್ ಅನ್ನೋದು, ಆಯಿ ಹಂಚು ಇಳಿಸೋಳು. ಮೆಂತೆ, ಕೊತ್ತಂಬರಿ, ಜೀರಿಗೆ, ಕೊಬ್ಬರಿ... ಒಂದೊಂದಕ್ಕೂ ಒಂದು ಸಪ್ಪಳ. ಮರುವರ್ಷವೂ ಹಾಗೇ ನಡೆಯಿತು. ಓಣಿಯವರು ಖಾರ ಹೊಗಳಿದರು. ಆಯಿ ನನ್ನ ಕಡೆ ನೋಡದೆ ಹೊಗಳಿಸಿಕೊಂಡಳು.

ಅದರ ಮುಂದಿನ ಚಳಿಗಾಲದಲ್ಲಿ ನನ್ನ ಗಂಡ ತೀರಿಕೊಂಡರು. ಓಣಿಯ ಹೆಂಗಸರು ಬಂದು ಬಳೆ ಒಡೆದರು. ಲಿಂಗವಂತರಲ್ಲಿ ಇದೆಲ್ಲ ಇಲ್ಲ ಅಂತ ಹೇಳುವವರೂ ಅವರೇ, ಒಡೆದವರೂ ಅವರೇ. ನಾನೂ ಕೈ ಮುಂದೆ ಮಾಡಿದೆ. ಆಗ ಯಾವುದೂ ಮೈಗೆ ಹತ್ತುತ್ತಿರಲಿಲ್ಲ.

ಬೇಸಿಗೆ ಬಂತು. ಆಯಿ ಕರೆದಳು, ಹೋದೆ. ತೊಟ್ಟು ಮುರಿಯುತ್ತ ಕುಂತೆ. ಮೆಂತೆಯ ಘಮ ಬಂತು. ರೂಢಿಯಂತೆ ಕೈ ಝಾಡಿಸಿದೆ... ಸಪ್ಪಳ ಇಲ್ಲ. ಇನ್ನೊಮ್ಮೆ ಝಾಡಿಸಿದೆ. ಆಮೇಲೆ ಆ ಬರೀ ಕೈ ನೋಡುತ್ತ ಕುಂತುಬಿಟ್ಟೆ. ಅಷ್ಟು ದಿನ ಅಳು ಬಂದಿರಲಿಲ್ಲ, ಆಗಲೂ ಬರಲಿಲ್ಲ. ಕೈ ನೋಡಿದೆ, ಅಷ್ಟೇ. ಆಯಿ ಸಪ್ಪಳಕ್ಕೆ ಕಾಯುತ್ತ ಕೈಯಾಡಿಸುತ್ತಲೇ ಇದ್ದಳು. ಮೆಂತೆ ಹೊತ್ತಿತು.

ಅವರ ಸೊಸೆ ಒಳಗಿಂದ ಬಂದಳು. ಹಂಚು ನೋಡಿದಳು, ನನ್ನ ಮುಂಗೈ ನೋಡಿದಳು.

"ಎರಡ ವರ್ಷದಿಂದ ಈಕಿ ಬಳಿ ಬಡಿಯೂದು ನಂಗ ಕೇಳಿಲ್ಲಂತ ತಿಳ್ಕೊಂಡೀರೇನ್ರಿ ಅತ್ತಿ? ನಡೀತಿತ್ತು, ಸುಮ್ಮನಿದ್ದೆ. ಏಳ್ರಿ, ಇನ್ನ ನಾ ಹುರೀತೇನಿ."

ಆಕೆಯದೇನೂ ತಪ್ಪಿರಲಿಲ್ಲ. ಹೊತ್ತಿದ ಮೆಂತೆ ಕುಟ್ಟಿದರೆ ವರ್ಷಪೂರ್ತಿ ಕಹಿ ತಿನ್ನಬೇಕು. ಆಯಿ ಎದ್ದಳು, ಮೊಣಕಾಲಿಗೆ ಕೈಕೊಟ್ಟು, ನಿಧಾನಕ್ಕೆ. ಬಂದು ನನ್ನ ಪಕ್ಕ ಕುಂತು ಮೆಣಸಿನಕಾಯಿಯ ಮೊರ ತನ್ನ ಕಡೆ ಎಳೆದುಕೊಂಡಳು.

"ಕೆಮ್ಮಾಕ ಏನಾಗಿತ್ತ ಬೇ ನಿನಗ?"

"ನೀವೇ ಬ್ಯಾಡ ಅಂದಿದ್ರಲ್ರಿ."

ಇಬ್ಬರಿಗೂ ನಗು ಬಂತು. ಸೊಸೆ ತಿರುಗಿ ನೋಡಿದಳು. ನಗು ಮುಗಿದ ಮೇಲೆ ಆಯಿ ಮತ್ತೆ ಒಲೆ ಕಡೆ ನೋಡಲಿಲ್ಲ.

ಆಮೇಲೆ ಒಂದೆರಡು ಬೇಸಿಗೆ ಇದ್ದಳು. ತೊಟ್ಟು ಮುರಿದಳು. ಊಟಕ್ಕೆ ಕುಂತಾಗ ಸೊಸೆ "ಖಾರ ಹೆಂಗಾಗೈತ್ರಿ?" ಅಂತ ಕೇಳಿದರೆ, "ಚಲೋ ಆಗೈತಿ ಬಿಡು" ಅನ್ನೋಳು. ರುಚಿ ಗೊತ್ತಾಗದ ನಾಲಿಗೆ, ಇನ್ನೇನು ಹೇಳಬೇಕು... ಒಂದು ಮಧ್ಯಾಹ್ನ ಹೋದಳು. ವಿಭೂತಿ ಹಚ್ಚಿ, ಅವರ ಹೊಲದಲ್ಲೇ ಕುಂಡ್ರಿಸಿ ಮಣ್ಣು ಕೊಟ್ಟರು.

ಹೋದ ವಾರ ನಾನು ನನ್ನ ಸೊಸೆಗೆ ಹೇಳಿಬಿಟ್ಟೆ. "ನನ್ನ ಮೂಗು ಹೋಗೈತವ್ವಾ. ಇನ್ನ ಒಲಿ ನನ್ನ ಮ್ಯಾಲ ಬಿಟ್ಟ ಹೋಗಬ್ಯಾಡ." ಆಕೆ ಹಂಚು ತೊಳೆದು ಹೊಸ ಮೆಂತೆ ಹಾಕಿದಳು.

ಧೈರ್ಯದಿಂದ ಹೇಳಿದೆ ಅಂತ ಯಾರೂ ತಿಳಿಯಬಾರದು. ಮುಚ್ಚಿಡಬೇಕಂದರೂ ಪಕ್ಕದಲ್ಲಿ ಒಬ್ಬರು ಬೇಕು. ಆಯಿಗೆ ನಾನಿದ್ದೆ. ಆ ಮನೆ ಕೆಡವಿ ಈಗ ಮೊಬೈಲ್ ಅಂಗಡಿ ಮಾಡಿದ್ದಾರೆ. ಗೋಡೆ ಆಚೆ ಕೂಗಿದರೆ ಯಾರು ಬರಬೇಕು... ಮೆಣಸಿನಕಾಯಿಯ ಮೊರ ನಾನೇ ಎಳೆದುಕೊಂಡೆ.